ದುಬಾರಿ ರೂಟರ್ ಹಾಕಿದರೆ ಮನೆಯ ಇಂಟರ್ನೆಟ್ ವೇಗ ಹೆಚ್ಚುತ್ತದೆಯೇ?

ಸಾರಾಂಶ

ಇಂಟರ್ನೆಟ್ ನಿಧಾನವಾದರೆ ಒಳ್ಳೆಯ ರೂಟರ್ ಹಾಕಿಸಿದರೆ ಸಾಕು ಎಂಬ ಮಾತನ್ನು ನಾವು ಪರಿಶೀಲಿಸಿದ್ದೇವೆ. ಇದು ಅರ್ಧ ಸತ್ಯ. ಲೈನಿನಲ್ಲಿ ಬಂದ ವೇಗವನ್ನು ರೂಟರ್ ಮನೆಯೊಳಗೆ ಹಂಚುತ್ತದೆ, ಅಷ್ಟೇ. ಲೈನಿನಲ್ಲಿ ಇಲ್ಲದ ವೇಗವನ್ನು ಅದು ತಂದುಕೊಡಲಾರದು.

ಹೇಳಿಕೆ

ಚಿಕ್ಕೋಡಿ ತಾಲ್ಲೂಕಿನ ಅಂಕಲಿಯಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. 100 ಎಂಬಿಪಿಎಸ್ ಪ್ಲಾನ್ ಇದೆ. ಪಡಸಾಲೆಯಲ್ಲಿ ವಿಡಿಯೊ ಚೆನ್ನಾಗಿ ಓಡುತ್ತದೆ. ಮಗಳು ಒಳಕೋಣೆಯಲ್ಲಿ ಆನ್‌ಲೈನ್ ಕ್ಲಾಸಿಗೆ ಕೂತರೆ ಮಾತು ತುಂಡಾಗುತ್ತದೆ. ಮೂರು-ನಾಲ್ಕು ಸಾವಿರ ಕೊಟ್ಟು ಹೊಸ ರೂಟರ್ ತರಬೇಕೇ?

ವೇಗ ಎಲ್ಲಿ ಕಡಿಮೆಯಾಗುತ್ತದೆ?

ಮೊದಲನೆಯದು ಲೈನ್. ಬಿಎಸ್‌ಎನ್‌ಎಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದ್ದು ಟೆಲಿಫೋನಿನ ತಾಮ್ರದ ತಂತಿಯ ಮೇಲೆ. ತಾಮ್ರದಲ್ಲಿ ದೂರ ಹೆಚ್ಚಿದಷ್ಟೂ ವೇಗ ಇಳಿಯುತ್ತದೆ. ಎಡಿಎಸ್‌ಎಲ್2+ ತಂತ್ರಜ್ಞಾನದಲ್ಲಿ ಎಕ್ಸ್‌ಚೇಂಜ್ ಪಕ್ಕದ ಮನೆಗೆ 24 ಎಂಬಿಪಿಎಸ್‌ವರೆಗೆ ಸಾಧ್ಯ, ನಾಲ್ಕೈದು ಕಿ.ಮೀ. ಆಚೆ ಸಿಗುವುದು ಕೆಲವೇ ಎಂಬಿಪಿಎಸ್. ಜಾಯಿಂಟಿನಲ್ಲಿ ಮಳೆನೀರು ಸೇರಿದರೆ ಅದೂ ಇಲ್ಲ.

ಫೈಬರ್ ಹಾಗಲ್ಲ. ಊರೊಳಗಿನ ದೂರದಿಂದ ಅದರ ವೇಗ ಇಳಿಯುವುದಿಲ್ಲ. ಆದರೆ ಕೇಬಲ್ ತೀರಾ ಮಡಚಿದರೆ, ಕನೆಕ್ಟರಿನಲ್ಲಿ ಧೂಳು ಕೂತರೆ, ಕಬ್ಬಿನ ಟ್ರ್ಯಾಕ್ಟರ್ ತಗುಲಿ ಎಳೆದುಹೋದರೆ ಬೆಳಕು ಸೋರುತ್ತದೆ. ಪ್ರತಿ 3 ಡೆಸಿಬೆಲ್ ನಷ್ಟಕ್ಕೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಜಿಪಾನ್ ಲೈನಿನಲ್ಲಿ ಮನೆಯ ಪೆಟ್ಟಿಗೆಗೆ ಬರುವ ಬೆಳಕು ಮೈನಸ್ 27 ಡಿಬಿಎಂಗಿಂತ ಕೆಳಗಿಳಿದರೆ ಸಂಪರ್ಕ ಕಡಿಯತೊಡಗುತ್ತದೆ. ಪೆಟ್ಟಿಗೆಯ ಮೇಲೆ ‘ಎಲ್‌ಒಎಸ್’ ದೀಪ ಕೆಂಪಾಗಿದ್ದರೆ ಬೆಳಕು ಬರುತ್ತಿಲ್ಲ ಎಂದರ್ಥ. ಇದನ್ನು ಯಾವ ರೂಟರ್ ಕೂಡ ಸರಿಪಡಿಸಲಾರದು.

ಒಂದೇ ಜಿಪಾನ್ ಲೈನಿನ ಸುಮಾರು 2.5 ಜಿಬಿಪಿಎಸ್ ವೇಗವನ್ನು 32 ಅಥವಾ 64 ಮನೆಗಳಿಗೆ ಹಂಚುವುದೂ ಉಂಟು. ಹಾಗಾಗಿ ಸಂಜೆ ಎಲ್ಲರೂ ಬಳಸುವಾಗ ನಿಧಾನವಾಗಬಹುದು. ಅನೇಕ ಪ್ಲಾನುಗಳಲ್ಲಿ ಡೇಟಾ ಮಿತಿ ಮುಗಿದ ಮೇಲೆ ಕಂಪನಿಯೇ ವೇಗ ಇಳಿಸುತ್ತದೆ.

ರೂಟರ್ ಯಾವಾಗ ಕಾರಣ?

ಕಡಿಮೆ ಬೆಲೆಯ ಅನೇಕ ರೂಟರ್‌ಗಳ ಪೋರ್ಟ್ 100 ಎಂಬಿಪಿಎಸ್‌ಗೆ ಸೀಮಿತ. 200ರ ಪ್ಲಾನಿಗೆ ಹಣ ಕಟ್ಟಿದರೂ ಸುಮಾರು 95ಕ್ಕಿಂತ ಹೆಚ್ಚು ಸಿಗದು. ಇಲ್ಲಿ ‘ಗಿಗಾಬಿಟ್’ ಪೋರ್ಟಿನ ರೂಟರ್ ಕೊಳ್ಳುವುದು ಸರಿ.

ವೈಫೈನ 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್ ಎಲ್ಲವೂ ಅದೇ ದಾರಿಯಲ್ಲಿ ಓಡಾಡುತ್ತವೆ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಆದರೆ ದಪ್ಪ ಕಲ್ಲು-ಮಣ್ಣಿನ ಗೋಡೆ ದಾಟಲು ಕಷ್ಟ. (ವೈಫೈ ಹೆಸರಿನ ಕೊನೆಯ ‘5ಜಿ’ ಇದೇ. ಮೊಬೈಲಿನ 5ಜಿಗೂ ಇದಕ್ಕೂ ಸಂಬಂಧವಿಲ್ಲ.) ರೂಟರನ್ನು ತಿಜೋರಿಯ ಹಿಂದೆ, ಟಿವಿಯ ಹಿಂದೆ ಇಡದೆ ಮನೆಯ ನಡುವೆ, ಎತ್ತರದಲ್ಲಿ ಇಡಿ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ.

ಮನೆಯಲ್ಲೇ ಪತ್ತೆಹಚ್ಚುವುದು ಹೇಗೆ?

1. ಉಳಿದ ಸಾಧನಗಳನ್ನು ಬಂದ್ ಮಾಡಿ, ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನಿಂದ ರೂಟರಿಗೆ ಜೋಡಿಸಿ ವೇಗ ಅಳೆಯಿರಿ. ಬೆಳಿಗ್ಗೆ ಮತ್ತು ರಾತ್ರಿ ಎರಡೂ ಹೊತ್ತು ಅಳೆದು ಬರೆದಿಡಿ.
2. ನಂತರ ರೂಟರಿನ ಹತ್ತಿರ ನಿಂತು ವೈಫೈಯಲ್ಲಿ ಅಳೆಯಿರಿ.
3. ಕೊನೆಗೆ ತೊಂದರೆ ಇರುವ ಕೋಣೆಯಲ್ಲಿ ಅಳೆಯಿರಿ.

ಕೇಬಲಿನಲ್ಲೇ ವೇಗ ಕಡಿಮೆಯಿದ್ದು, ಪೋರ್ಟ್ ಮತ್ತು ಡೇಟಾ ಮಿತಿ ಸರಿಯಿದ್ದರೆ ದೋಷ ಬಹುತೇಕ ಲೈನಿನದು. ಕೇಬಲಿನಲ್ಲಿ ಸರಿಯಿದ್ದು ಹತ್ತಿರದ ವೈಫೈಯಲ್ಲೇ ಕಡಿಮೆಯಿದ್ದರೆ ರೂಟರ್ ಅಥವಾ ಫೋನನ್ನು ಸಂಶಯಿಸಬೇಕು. ಒಳಕೋಣೆಯಲ್ಲಿ ಮಾತ್ರ ಕಡಿಮೆಯಿದ್ದರೆ ರೂಟರಿನ ಜಾಗ ಬದಲಿಸಿ. ಅದಕ್ಕೂ ಬಗ್ಗದಿದ್ದರೆ ಒಳಕೋಣೆಗೆ ಕೇಬಲ್ ಎಳೆದು ಇನ್ನೊಂದು ಸಾಧಾರಣ ರೂಟರ್ ಇಡಬಹುದು.

ಇನ್ನೊಂದು ಗೊಂದಲವೂ ಇದೆ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್. ಆದ್ದರಿಂದ ಡೌನ್‌ಲೋಡಿನಲ್ಲಿ ಸೆಕೆಂಡಿಗೆ ಸುಮಾರು 12 ಮೆಗಾಬೈಟ್ ಕಂಡರೆ ಲೈನ್ ಸರಿಯಾಗಿಯೇ ಇದೆ.

ತೀರ್ಮಾನ

ರೂಟರ್ ಬದಲಿಸಿದರೆ ವೇಗ ಹೆಚ್ಚುತ್ತದೆ ಎಂಬುದು ಎಲ್ಲ ಮನೆಗೂ ಅನ್ವಯಿಸದು. ಲೈನಿನ ದೋಷವಿದ್ದರೆ ಅದನ್ನು ಸರಿಪಡಿಸುವುದು ಸೇವೆ ಕೊಡುವವರ ಹೊಣೆ. ಬರೆದಿಟ್ಟ ಅಳತೆಗಳೊಂದಿಗೆ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಪಡೆಯಿರಿ. ಪರಿಹಾರ ಸಿಗದಿದ್ದರೆ ಟ್ರಾಯ್‌ನ 2012ರ ನಿಯಮಾವಳಿಯಂತೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಮೊದಲು ಅಳೆಯಿರಿ, ಆಮೇಲೆ ಅಂಗಡಿಗೆ ಹೋಗಿ.