ವರ್ಷದ ಕೊನೆಯ ಲೆಕ್ಕ

ಮಾರ್ಚ್ ತಿಂಗಳು ಬಂತೆಂದರೆ ಹಾಸ್ಟೆಲಿನ ಹುಡುಗಿಯರ ಮುಖದಲ್ಲಿ ಪರೀಕ್ಷೆಯ ಚಿಂತೆ ಕಾಣತೊಡಗುತ್ತದೆ. ಭಾನುವಾರ ಸಂಜೆ ನಾನು ನಡೆಸುವ ಪ್ರಾರ್ಥನಾ ಕೂಟಕ್ಕೆ ವರ್ಷದ ಮೊದಲಲ್ಲಿ 20 ಮಂದಿ ಬರುತ್ತಿದ್ದರು, ಈಗ ಆರೇಳು ಜನ. ಈ ಸಲ ಸಭೆಯ ಹಿರಿಯರೊಬ್ಬರು, “ಟೀಚರ್, ಇಷ್ಟು ವರ್ಷ ನಡೆಸಿದ್ರಿ, ಫಲ ಏನು ಬಂತು? ಮುಂದಿನ ವರ್ಷ ನಿಲ್ಲಿಸಿಬಿಡೋಣವೇ?” ಎಂದು ಕೇಳಿದರು. ಆ ಮಾತು ಮನಸ್ಸನ್ನು ಕೊರೆಯುತ್ತಿದ್ದಾಗ ನನಗೆ ಆಸರೆಯಾದದ್ದು ವೆಲ್ಲೂರಿನ ಚರಿತ್ರೆ.

ವೆಲ್ಲೂರಿನ ಆಸ್ಪತ್ರೆ ನಮಗೆ ಹೊಸದಲ್ಲ. ಮನೆಯ ರೋಗಿಯನ್ನು ಕರೆದುಕೊಂಡು ಕಾಟ್ಪಾಡಿಯಲ್ಲಿ ರೈಲಿಳಿದ ಕನ್ನಡಿಗರು ಎಷ್ಟೋ ಮಂದಿ. ಅದನ್ನು ಕಟ್ಟಿದ ಐಡಾ ಸ್ಕಡರ್ ಹುಟ್ಟಿದ್ದು 1870ರಲ್ಲಿ, ವೈದ್ಯ ಮಿಷನರಿಗಳ ಮನೆತನದಲ್ಲಿ. ಆದರೆ ಆಕೆಗೆ ಮಿಷನರಿಯಾಗುವ ಮನಸ್ಸೇ ಇರಲಿಲ್ಲ. ಅಮೆರಿಕದಲ್ಲಿ ಓದಿ, ಕಾಯಿಲೆ ಬಿದ್ದ ತಾಯಿಯ ಆರೈಕೆಗೆಂದು ತಿಂಡಿವನಕ್ಕೆ ಬಂದಿದ್ದಳು. ಅಲ್ಲಿ ಒಂದೇ ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಂದು ಬಾಗಿಲು ಬಡಿದರು. ಮೂವರ ಹೆಂಡಂದಿರೂ ಹೆರಿಗೆಯ ಸಂಕಟದಲ್ಲಿದ್ದರು. ಐಡಾಳ ತಂದೆ ಡಾಕ್ಟರಾಗಿದ್ದರೂ ಪರಪುರುಷನನ್ನು ಒಳಗೆ ಬಿಡಲು ಅವರು ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಐಡಾ ವೈದ್ಯಳಾಗುವ ನಿರ್ಧಾರ ಮಾಡಿದ್ದು ಆಗ. 1899ರಲ್ಲಿ ಕಾರ್ನೆಲ್‌ನಲ್ಲಿ ವೈದ್ಯಕೀಯ ಪದವಿ ಪಡೆದು, 1900ರಲ್ಲಿ ವೆಲ್ಲೂರಿಗೆ ಬಂದರು. 1902ರಲ್ಲಿ 40 ಹಾಸಿಗೆಯ ಆಸ್ಪತ್ರೆ ಎದ್ದು ನಿಂತಿತು.

ಒಬ್ಬಳೇ ವೈದ್ಯೆ ಎಷ್ಟು ಮನೆಗಳ ಬಾಗಿಲಿಗೆ ಹೋದಾಳು? ನಮ್ಮ ಹೆಣ್ಣುಮಕ್ಕಳೇ ಡಾಕ್ಟರರಾಗಬೇಕೆಂದು 1918ರ ಆಗಸ್ಟ್‌ನಲ್ಲಿ ಐಡಾ ಹೆಂಗಸರಿಗಾಗಿಯೇ ವೈದ್ಯಕೀಯ ಶಾಲೆ ತೆರೆದರು. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಅದೇ ವರ್ಷ ಇನ್‌ಫ್ಲುಯೆಂಜಾ ದೇಶವನ್ನೇ ನಡುಗಿಸಿತು. ಸೇರಿದವರು 17 ಹುಡುಗಿಯರು. ಐಡಾ ಅವರಿಗೆ ವೈದ್ಯಶಾಸ್ತ್ರದ ಜೊತೆಗೆ ಸತ್ಯವೇದವನ್ನೂ ಕಲಿಸುತ್ತಿದ್ದರು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಪ್ರೀತಿಯ ಅಧ್ಯಾಯ ಅವರಿಗೆ ಅಚ್ಚುಮೆಚ್ಚು.

ವರ್ಷ ಮುಗಿದು ಸರ್ಕಾರಿ ಪರೀಕ್ಷೆ ಬಂತು. ಗಂಡಸರೇ ಹೆಚ್ಚಾಗಿ ನಪಾಸಾಗುವ ಪರೀಕ್ಷೆ ಅದು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಹಿರಿಯ ಅಧಿಕಾರಿಯೊಬ್ಬರು ಮೊದಲೇ ಎಚ್ಚರಿಸಿದ್ದರಂತೆ. ಫಲಿತಾಂಶ ಬಂದಾಗ ವೆಲ್ಲೂರಿನಿಂದ ಪರೀಕ್ಷೆಗೆ ಕೂತ ಹುಡುಗಿಯರೆಲ್ಲರೂ ಪಾಸಾಗಿದ್ದರು! 1922ರಲ್ಲಿ ಮೊದಲ ತಂಡದ 14 ಮಂದಿ ವೈದ್ಯರಾಗಿ ಹೊರಬಂದರು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅಲ್ಲಿಯ ಕಾಲದ ಅಳತೆ. ತಿಂಡಿವನದ ಆ ರಾತ್ರಿಗೂ ಮೊದಲ ತಂಡ ಹೊರಬಂದ ದಿನಕ್ಕೂ ನಡುವೆ ಕಾಲು ಶತಮಾನಕ್ಕೂ ಹೆಚ್ಚು ಅಂತರ. ಆ ನಡುವಿನ ಯಾವುದೋ ಒಂದು ಮಾರ್ಚ್‌ನಲ್ಲಿ ಯಾರಾದರೂ ಫಲವೇನೆಂದು ಕೇಳಿದ್ದರೆ ಐಡಾ ಏನು ತೋರಿಸಬಹುದಿತ್ತು? ಆ 14 ಮಂದಿಯ ಕೈಯಲ್ಲಿ ಬದುಕಿ ಉಳಿದ ಬಾಣಂತಿಯರ ಲೆಕ್ಕವಾದರೂ ಯಾವ ವರ್ಷದ ವರದಿಗೆ ಸೇರೀತು? ಅದೇ ಶಾಲೆ 1942ರಲ್ಲಿ ಎಂ.ಬಿ.ಬಿ.ಎಸ್. ಕಲಿಸುವ ಕಾಲೇಜಾಯಿತು. 1947ರಿಂದ ಹುಡುಗರಿಗೂ ಪ್ರವೇಶ ಕೊಟ್ಟಿತು. ಐಡಾ 1960ರವರೆಗೆ ಬದುಕಿದ್ದು ಇದನ್ನೆಲ್ಲ ಕಣ್ಣಾರೆ ಕಂಡರು.

ನನ್ನ ಕೂಟ ಅಷ್ಟು ದೊಡ್ಡದಲ್ಲ, ಆಗಬೇಕೆಂದೂ ಇಲ್ಲ. ಆದರೆ ಮನೆ ಬಿಟ್ಟು ಬಂದ ಹುಡುಗಿ ಪರೀಕ್ಷೆಯ ಹಿಂದಿನ ಸಂಜೆ ಭಯ ಹೇಳಿಕೊಳ್ಳಲು ಒಂದು ಕೋಣೆ, ಕೇಳಿಸಿಕೊಳ್ಳಲು ಒಬ್ಬ ಹೆಂಗಸು ಬೇಕು ತಾನೆ? ಹಿರಿಯರಿಗೆ ಅಷ್ಟನ್ನೇ ಹೇಳಿ, ಮುಂದಿನ ವರ್ಷಕ್ಕೂ ಭಾನುವಾರ ಸಂಜೆ ಆ ಕೋಣೆಯನ್ನು ಬಿಟ್ಟುಕೊಡಬೇಕೆಂದು ಕೇಳಿಕೊಂಡಿದ್ದೇನೆ.