ಏಪ್ರಿಲ್ 14, ಮುಂಬೈ ಡಾಕ್‌ನ ಹಡಗು ಮತ್ತು ಲೆಕ್ಕಕ್ಕೆ ಸಿಗದ ನಮ್ಮ ಜನ



ಏಪ್ರಿಲ್ 14 ಬಂತಂದ್ರೆ ಕೂಡ್ಲಿಗಿಯಲ್ಲಿ ನೀಲಿ ಬಾವುಟ, ಹಲಗೆ ಸದ್ದು, ಬಾಬಾಸಾಹೇಬರ ಫೋಟೋ ಮೆರವಣಿಗೆ. ಅದೇ ದಿನ ದೇಶದ ಎಲ್ಲಾ ಅಗ್ನಿಶಾಮಕ ಠಾಣೆಗಳಲ್ಲೂ ದಿನಾಚರಣೆ ಇರುತ್ತೆ. ಹೋದ ಸಲ ನಮ್ಮ ಕೇರಿಯ ಹುಡುಗನೊಬ್ಬ ಕೇಳಿದ: "ಅಣ್ಣ, ಬೆಂಕಿ ಆರ್ಸೋರಿಗೂ ಇವತ್ತೇ ಯಾಕ? ಜಯಂತಿಗೂ ಅದಕ್ಕೂ ಏನಾರ ಸಂಬಂಧ ಐತೇನು?" ಆಗ ನಂಗೂ ಪೂರ್ತಿ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದಿದ್ದನ್ನ ಬರೀತಿದ್ದೀನಿ. ಉದ್ದ ಆಗಿದೆ, ಆದ್ರೂ ಓದಿ.

1944. ಎರಡನೇ ಮಹಾಯುದ್ಧ. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲಾ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಇಂಗ್ಲೆಂಡಿನ ಬರ್ಕನ್‌ಹೆಡ್ ಬಂದರಿನಿಂದ ಫೆಬ್ರವರಿ 24ಕ್ಕೆ 'ಫೋರ್ಟ್ ಸ್ಟಿಕೀನ್' ಅನ್ನೋ ಹಡಗು ಹೊರಡುತ್ತೆ. ಹೊಟ್ಟೆ ತುಂಬಾ ಯುದ್ಧದ ಸಾಮಾನು: ಬಿಡಿಬಿಡಿಯಾಗಿ ಪೆಟ್ಟಿಗೆ ಕಟ್ಟಿದ ಸ್ಪಿಟ್‌ಫೈರ್ ವಿಮಾನಗಳು, ಶೆಲ್ಲು, ಟಾರ್ಪಿಡೊ, ಮೈನು, ಸುಮಾರು 1,400 ಟನ್ ಸ್ಫೋಟಕ. ಜೊತೆಗೆ 31 ಪೆಟ್ಟಿಗೆಯಲ್ಲಿ 124 ಚಿನ್ನದ ಗಟ್ಟಿ. ಕರಾಚಿಯಲ್ಲಿ ಒಂದಿಷ್ಟು ಇಳಿಸಿ, ಖಾಲಿಯಾದ ಜಾಗಕ್ಕೆ 8,700 ಬೇಲು ಹತ್ತಿ, ಎಣ್ಣೆ, ಮರ ತುಂಬಿದರು. ಕೆಳಗೆ ಹತ್ತಿ, ಅದರ ಮೇಲಿನ ಅಂತಸ್ತಿನಲ್ಲಿ ಸ್ಫೋಟಕ!

ನಮ್ಮಪ್ಪ ಕೊಟ್ಟೂರು ಕಡೆ ಜಿನ್ನಿಂಗ್ ಮಿಲ್ಲಿನಲ್ಲಿ ಹಮಾಲಿ ಮಾಡಿದೋರು. "ಹತ್ತಿ ಬೆಂಕಿ ಕಣ್ಣಿಗೆ ಕಾಣಂಗಿಲ್ಲಪ್ಪ, ಮ್ಯಾಲೆ ನೀರು ಹೊಯ್ದ್ರೂ ಒಳಗೊಳಗೇ ಸುಡ್ತಿರತೈತಿ" ಅಂತಿದ್ರು. ಓದು ಬರಹ ಇಲ್ಲದ ಹಮಾಲನಿಗೆ ಗೊತ್ತಿದ್ದ ಮಾತು ಇದು.

ಏಪ್ರಿಲ್ 12ಕ್ಕೆ ಹಡಗು ಮುಂಬೈ ವಿಕ್ಟೋರಿಯಾ ಡಾಕ್‌ಗೆ ಬಂತು. ಅಪಾಯದ ಸರಕು ಇದೆ ಅಂತ ಹಾರಿಸಬೇಕಾದ ಕೆಂಪು ಬಾವುಟವೇ ಇರಲಿಲ್ಲ. 14ರ ಮಧ್ಯಾಹ್ನ ಊಟ ಮುಗಿಸಿ ಬಂದ ಕೂಲಿಗಳಿಗೆ ಎರಡನೇ ನಂಬರ್ ಉಗ್ರಾಣದಿಂದ ಹೊಗೆ ಕಾಣಿಸಿತು. ಅಗ್ನಿಶಾಮಕದವರು ಓಡಿ ಬಂದು 900 ಟನ್‌ಗೂ ಹೆಚ್ಚು ನೀರು ಹೊಯ್ದರು. ಬೆಂಕಿ ಹತ್ತಿಯೊಳಗಿತ್ತು. ಹಡಗನ್ನ ಮುಳುಗಿಸೋದೋ, ಸಮುದ್ರಕ್ಕೆ ಎಳೆಯೋದೋ ಅಂತ ಸಾಹೇಬರು ಚರ್ಚೆ ಮಾಡ್ತಿದ್ದಾಗಲೇ ಹೊತ್ತು ಮೀರಿತು. 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಇನ್ನೊಂದು. ಅಷ್ಟು ದೂರದ ಶಿಮ್ಲಾದಲ್ಲಿ ಭೂಕಂಪ ಅಳೆಯೋ ಯಂತ್ರ ಅಲುಗಿತು. 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿಗೇ ಈ ದಿನಾಚರಣೆ.

ಉಳಿದವರು? ಇಲ್ಲೇ ನನ್ನ ಹೊಟ್ಟೆ ಉರಿಯೋದು. ಸತ್ತವರು 800 ಅಂತ ಒಬ್ರು, 1,300 ಅಂತ ಇನ್ನೊಬ್ರು. ಸುಮಾರು 80,000 ಜನ ಮನೆ ಕಳಕೊಂಡರು. ಸರ್ಕಾರ ತಿಂಗಳ ತನಕ ಸುದ್ದಿ ಹೊರಗೆ ಬಿಡಲಿಲ್ಲ. ಚಿನ್ನದ ಗಟ್ಟಿ ಮಾತ್ರ 124 ಅಂತ ಸರಿಯಾಗಿ ಬರೆದಿಟ್ಟಿದಾರೆ. ದಶಕಗಳಾದ ಮೇಲೂ ಬಂದರಿನ ಹೂಳು ತೆಗೀವಾಗ ಗಟ್ಟಿ ಸಿಕ್ಕರೆ ಪೇಪರಲ್ಲಿ ಸುದ್ದಿ. ಹಮಾಲರನ್ನ ಹಾಗೆ ಎಣಿಸಿದವರಿಲ್ಲ. ಮುಕಾದಮ್ ಕರೆದ ದಿನ ಕೂಲಿ, ಕರೆಯದ ದಿನ ಉಪವಾಸ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನ ಸಾವು ಯಾವ ಪುಸ್ತಕಕ್ಕೆ ಸೇರುತ್ತೆ?

ಆ ದಿನ ಬಾಬಾಸಾಹೇಬರಿಗೆ 53 ತುಂಬಿತ್ತು. ಅವರು ಆಗ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರು, 1942ರಿಂದ. ಇದೇ ಮುಂಬೈಯ ಹತ್ತಿ ಗಿರಣಿಗಳಲ್ಲಿ ನೂಲನ್ನ ಬಾಯಲ್ಲಿ ಎಳೀಬೇಕು ಅಂತ ನೇಯ್ಗೆ ಖಾತೆಗೆ ದಲಿತರನ್ನ ಸೇರಿಸ್ತಿರಲಿಲ್ಲ. ಅದನ್ನ 1928ರ ಮುಷ್ಕರದ ವೇಳೆ ಎತ್ತಿ ಕೇಳಿದವರು ಅವರೇ. 1948ರಲ್ಲಿ ಡಾಕ್ ಕಾರ್ಮಿಕರ ಕೆಲಸವನ್ನ ಕ್ರಮಕ್ಕೆ ತರೋ ಕಾಯ್ದೆ ಬಂತು. ಆಗ ಕಾರ್ಮಿಕ ಮಂತ್ರಿ ನಮ್ಮವರೇ ಆದ ಜಗಜೀವನ್ ರಾಮ್. ಡಾಕ್ ಕಾರ್ಮಿಕರ ಸುರಕ್ಷತೆಗೆ ಇನ್ನೊಂದು ಕಾಯ್ದೆ ಬಂದಿದ್ದು 1986ರಲ್ಲಿ. ಸ್ಫೋಟ ಆಗಿ 42 ವರ್ಷ!

ಹಳೇ ಕಥೆ ಅನ್ನಬೇಡಿ. ನಮ್ಮ ಅಕ್ಕನ ಮಗ ಬೆಂಗಳೂರಲ್ಲಿ ಒಂದು ಗೋಡೌನ್‌ನಲ್ಲಿ ಡ್ರಮ್ ಇಳಿಸ್ತಿದ್ದ. ಒಳಗೇನಿದೆ ಅಂತ ಯಾರೂ ಹೇಳಲಿಲ್ಲ, ಡ್ರಮ್ ಮೇಲೆ ಚೀಟಿಯೂ ಇರಲಿಲ್ಲ. ಒಂದು ಒಡೆದು ಮೊಣಕೈ ತನಕ ಸುಟ್ಟಿತು. ಮೇಸ್ತ್ರಿ 2,000 ರೂಪಾಯಿ ಕೈಗಿಟ್ಟು ಬಸ್ ಹತ್ತಿಸಿದ. ಅವನ ಹೆಸರೂ ಯಾವ ಪುಸ್ತಕದಲ್ಲೂ ಇರಲಿಲ್ಲ. ಮ್ಯಾನ್‌ಹೋಲಿಗೆ ಸುರಕ್ಷತೆಯ ಏರ್ಪಾಡಿಲ್ಲದೆ ಇಳಿಸೋದನ್ನ 2013ರ ಕಾಯ್ದೆ ನಿಷೇಧಿಸಿದೆ. ಸತ್ತರೆ 30 ಲಕ್ಷ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ರೂ ಇಳಿಸ್ತಾನೇ ಇದಾರೆ.

ಕೂಲಿಗೆ ಊರು ಬಿಡೋ ತಮ್ಮಂದಿರೇ, ಮೂರು ಮಾತು ನೆನಪಿರಲಿ. ಏನು ಹೊರ್ತಿದ್ದೀನಿ ಅಂತ ಕೇಳಿ. ಹಾಜರಿಯಲ್ಲಿ ಹೆಸರು ಬರೆಸಿ. ಅದರ ಫೋಟೋ ತಗೊಂಡು ಮನೆಗೆ ಕಳಿಸಿ.

ಈ ಸಲ ಜಯಂತಿ ದಿನ ಸಂಜೆ 4 ಗಂಟೆ 6 ನಿಮಿಷಕ್ಕೆ ಹಲಗೆ ಒಂದು ನಿಮಿಷ ನಿಲ್ಲಿಸೋಣ. 66 ಜನರಿಗೆ, ಮತ್ತೆ ಲೆಕ್ಕಕ್ಕೆ ಸಿಗದ ಎಲ್ಲಾ ಹಮಾಲರಿಗೆ. ಆಮೇಲೆ ಇನ್ನೂ ಜೋರಾಗಿ ಬಾರಿಸೋಣ.

ಜೈ ಭೀಮ್.