ಮಿರಜ ದವಾಖಾನೆ ಮತ್ತು ನೋವಿನ ಪ್ರಶ್ನೆ

ಪ್ರೀತಿಯೇ ಸ್ವರೂಪವಾದ ದೇವರು ತನ್ನ ಭಕ್ತರಿಗೆ ನೋವು ಬಯಸುತ್ತಾನೆಯೇ ಎಂಬುದು ಕ್ರೈಸ್ತ ಧರ್ಮದಷ್ಟೇ ಹಳೆಯ ಪ್ರಶ್ನೆ. ಬೆಳಗಾವಿಯಲ್ಲಿ ಲಂಡನ್ ಮಿಷನ್ 1820ರಲ್ಲೇ ನೆಲೆಯೂರಿ ಬೋಧನೆ ಆರಂಭಿಸಿತ್ತು. ಆದರೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಸೀಮೆಯ ಬಹುಪಾಲು ಜನ ಈ ಪ್ರಶ್ನೆಗೆ ಉತ್ತರ ಕಂಡದ್ದು ಪ್ರವಚನದಲ್ಲಲ್ಲ, ಇಂದು ಮಹಾರಾಷ್ಟ್ರದಲ್ಲಿರುವ ಮಿರಜದ ಮಿಷನ್ ದವಾಖಾನೆಯಲ್ಲಿ.

ಕೆನಡಾ ಮೂಲದ ವೈದ್ಯ ವಿಲಿಯಂ ಜೇಮ್ಸ್ ವಾನ್ಲೆಸ್ ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನಿಂದ 1889ರಲ್ಲಿ ಭಾರತಕ್ಕೆ ಬಂದರು. ಅವರು ಮಿರಜದಲ್ಲಿ ಕಟ್ಟಿದ ಆಸ್ಪತ್ರೆ 1894ರಲ್ಲಿ ತೆರೆಯಿತು. ಮೂರು ವರ್ಷಗಳಲ್ಲಿ ಅಲ್ಲೇ ವೈದ್ಯಕೀಯ ಶಾಲೆಯೂ ಆರಂಭವಾಯಿತು. ಕಾಗವಾಡದಿಂದ ಮಿರಜ ಹತ್ತು ಹನ್ನೆರಡು ಕಿಲೋಮೀಟರ್. ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗದವರಿಗೆ ರೈಲು ಇತ್ತು. ಅಥಣಿಯ ಕಡೆಯವರಿಗೆ ಚಕ್ಕಡಿಯೇ ಗತಿ. ಜಡ್ಡು ಬಿದ್ದವನ ಜೊತೆ ಮನೆಮಂದಿ ರೊಟ್ಟಿಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಅದಕ್ಕೂ ಮೊದಲು ಚಿಂಚಲಿಯ ದೇವಿ ಮಾಯಕ್ಕನಿಗೆ ಹರಕೆ ಹೊತ್ತಿರುವುದು ಇಲ್ಲಿ ವಾಡಿಕೆ; ಹರಕೆಗೂ ಔಷಧಕ್ಕೂ ಜನ ಜಗಳ ಹಚ್ಚಿದವರಲ್ಲ. ಬೇನೆ ಹಣೆಬರಹವೋ, ಹಿಂದಿನ ಜನ್ಮದ ಕರ್ಮವೋ, ದೇವರ ಕಾಟವೋ ಎಂಬ ವಿಚಾರ ಮಾತ್ರ ತಲೆಯಲ್ಲಿ ಇದ್ದೇ ಇರುತ್ತಿತ್ತು.

ಕ್ರೈಸ್ತ ಗ್ರಂಥಗಳಲ್ಲಿಯೂ ಇದಕ್ಕೆ ಒಂದೇ ಉತ್ತರವಿಲ್ಲ. ಯೋಬನು ನೀತಿವಂತನಾಗಿದ್ದೂ ಮಕ್ಕಳನ್ನು, ಆಸ್ತಿಯನ್ನು ಕಳೆದುಕೊಂಡು ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂರುತ್ತಾನೆ. ಪಾಪ ಮಾಡಿದ್ದರಿಂದಲೇ ಹೀಗಾಯಿತು ಎಂದ ಗೆಳೆಯರನ್ನು ದೇವರೇ ಕೊನೆಗೆ ಗದರುತ್ತಾನೆ. ತನ್ನನ್ನು ಕಾಡಿದ ದೇಹದ ಮುಳ್ಳನ್ನು ತೆಗೆಯೆಂದು ಪೌಲನು ಮೂರು ಸಲ ಬೇಡಿದರೂ ಅದು ಹೋಗುವುದಿಲ್ಲ. ತಾಳುವ ಬಲ ಸಿಗುತ್ತದೆ. ಯೋಹಾನನ ಸುವಾರ್ತೆಯ ಹುಟ್ಟುಕುರುಡನ ಪ್ರಸಂಗ ಇನ್ನೂ ಮುಂದಕ್ಕೆ ಹೋಗುತ್ತದೆ. ಇದು ಯಾರ ಪಾಪದ ಫಲ, ಇವನದೋ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದು, ಕೆಸರು ಕಲಸಿ ಕಣ್ಣಿಗೆ ಹಚ್ಚುತ್ತಾನೆ. ಮಿರಜದ ಆಸ್ಪತ್ರೆ ಹೆಸರಾದ ಕೆಲಸಗಳಲ್ಲಿ ಕಣ್ಣಿನ ಪೊರೆ ತೆಗೆಯುವುದೂ ಒಂದಾಗಿತ್ತು ಎಂಬುದು ಇಲ್ಲಿ ನೆನಪಾಗದೆ ಇರದು.

ನೋವು ನೀಗಿಸುವುದು ಧರ್ಮಸಮ್ಮತವೇ ಎಂಬ ಜಗಳ ಯುರೋಪಿನಲ್ಲಿ ಆಗಲೇ ನಡೆದು ಹೋಗಿತ್ತು. ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ 1847ರಲ್ಲಿ ಹೆರಿಗೆಗೆ ಕ್ಲೋರೊಫಾರ್ಮ್ ಬಳಸಿದಾಗ, ಹೆರಿಗೆನೋವು ಬೈಬಲಿನ ಆದಿಕಾಂಡದಲ್ಲಿ ಮೊದಲ ಹೆಣ್ಣು ಹವ್ವಳಿಗೆ ದೇವರೇ ವಿಧಿಸಿದ್ದಲ್ಲವೇ ಎಂಬ ಆಕ್ಷೇಪ ಬಂತು. ಹವ್ವಳನ್ನು ರೂಪಿಸಲು ಆದಾಮನ ಪಕ್ಕೆಲುಬು ತೆಗೆಯುವ ಮುನ್ನ ದೇವರು ಅವನಿಗೆ ಗಾಢನಿದ್ರೆ ಬರಿಸಿದ್ದನ್ನು ಅದೇ ಆದಿಕಾಂಡದಿಂದ ತೋರಿಸಿ ಸಿಂಪ್ಸನ್ ಆಕ್ಷೇಪಿಸಿದವರ ಬಾಯಿ ಮುಚ್ಚಿಸಲು ನೋಡಿದ. ವಿಕ್ಟೋರಿಯಾ ರಾಣಿ 1853ರ ಹೆರಿಗೆಯಲ್ಲಿ ಕ್ಲೋರೊಫಾರ್ಮ್ ಪಡೆದ ಮೇಲೆ ವಾದದ ಕಾವು ಇಳಿಯಿತು.

ಆದರೂ ಮಿಷನ್ ದವಾಖಾನೆಗಳು ನೋವನ್ನು ಬರೀ ಶತ್ರುವೆಂದು ಕಂಡವು ಎನ್ನಲಾಗದು. ಔಷಧ ಕೊಡುವ ಮುನ್ನ ರೋಗಿಗಳಿಗೆ ಸುವಾರ್ತೆ ಕೇಳಿಸುವುದು ಅಂದಿನ ರೂಢಿ. ಬೇನೆ ಬಂದವನ ಕಿವಿ ಬೇಗ ತೆರೆಯುತ್ತದೆಂಬ ಲೆಕ್ಕಾಚಾರ ಅದರ ಹಿಂದೆ ಇತ್ತು. ದೇವರು ನೋವು ಬಯಸುವುದಿಲ್ಲ, ಆದರೆ ಬಳಸಿಕೊಳ್ಳುತ್ತಾನೆ ಎಂಬ ಈ ನಡುದಾರಿ ಕಷ್ಟದಲ್ಲಿದ್ದವನಿಗೆ ಅಷ್ಟು ರುಚಿಸುವಂಥದ್ದಲ್ಲ. ಈ ಸೀಮೆಯಲ್ಲಿ ಚೀಟಿ, ಔಷಧ ಪಡೆದವರು ಅಸಂಖ್ಯ. ಧರ್ಮ ಬದಲಿಸಿದವರು ಕೆಲವರೇ.

19ನೇ ಶತಮಾನದ ಕೊನೆಯ ಪ್ಲೇಗ್ ವರ್ಷಗಳಲ್ಲಿ ಮಿರಜಕ್ಕೆ ಇನ್ನೊಂದು ಕಥೆ ಸೇರಿತು. ಕಿರಾನಾ ಘರಾಣೆಯ ಗಾಯಕ ಅಬ್ದುಲ್ ಕರೀಮ್ ಖಾನರು ಅಲ್ಲಿನ ಮೀರಾಸಾಹೇಬ ದರ್ಗಾದಲ್ಲಿ ಹಾಡಿ ಪ್ಲೇಗಿನಿಂದ ಗುಣಮುಖರಾದರೆಂಬುದು ಜನಜನಿತ. ದರ್ಗಾ, ದವಾಖಾನೆ ಎರಡಕ್ಕೂ ಕರ್ನಾಟಕದ ಕಡೆಯಿಂದ ಅದೇ ರೈಲು ಜನರನ್ನು ತಂದಿಳಿಸುತ್ತಿತ್ತು.

ಸಮಾಜ ದೂರವಿಟ್ಟ ಕುಷ್ಠರೋಗಿಗಳಿಗೂ ಮಿರಜದಲ್ಲಿ ಮಿಷನ್ ಆಶ್ರಯಧಾಮ ಕಟ್ಟಿತು. ಸರ್ ಪದವಿ ಪಡೆದ ವಾನ್ಲೆಸ್ 1928ರಲ್ಲಿ ಮಿರಜ ಬಿಟ್ಟು, 1933ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಮಿರಜ–ಸಾಂಗ್ಲಿ ನಡುವಿನ ಕ್ಷಯರೋಗಧಾಮವಿದ್ದ ಊರಿಗೆ ವಾನ್ಲೆಸ್‌ವಾಡಿ ಎಂಬ ಹೆಸರು ಉಳಿದಿದೆ.